ಉಗ್ರಾಣದ ಬ್ರೌನಿ

ನಾನು ಹುಟ್ಟುವ ಹೊತ್ತಿಗಾಗಲೇ ನಮ್ಮ ತೋಟದಲ್ಲಿ ಕೊಕ್ಕೊ ಫಸಲು ಕೊಡುತ್ತಿತ್ತು. ಅಡಿಕೆ ಸಾಲುಗಳ ನಡುವೆ ಅಜ್ಜ ನೆಡಿಸಿದ ಗಿಡಗಳವು. ಕಾಂಡದ ಮೈಮೇಲೆಯೇ ಹೂ ಬಿಟ್ಟು, ಅಲ್ಲೇ ಕಾಯಿ ಕಟ್ಟಿ, ಹಳದಿಗೆ ತಿರುಗುವವರೆಗೆ ಜೋತುಬಿದ್ದಿರುವ ಹಣ್ಣುಗಳು. ಅವನ್ನು ಕೊಯ್ದು, ಒಡೆದು, ಬೀಜ ತೆಗೆದು, ಅದೇ ದಿನ ಇಲ್ಲವೇ ಮರುದಿನ ಪೇಟೆಗೆ ಕೊಂಡುಹೋಗಿ ತೂಗಿಸಿ ಬರುವುದು ಅಪ್ಪನ ಕೆಲಸ. ಅಡಿಕೆಯನ್ನು ನಾವು ಮಾರುತ್ತಿದ್ದೆವು, ಊಟವಾದ ಮೇಲೆ ಎಲೆಯ ಜೊತೆ ಜಗಿಯುತ್ತಲೂ ಇದ್ದೆವು. ತೆಂಗು, ಬಾಳೆ, ಕರಿಮೆಣಸು, ಹಲಸು, ಗೇರು ಹೀಗೆ ಆ ಮಣ್ಣಿನಲ್ಲಿ ಬೆಳೆದದ್ದೆಲ್ಲ ಒಂದಲ್ಲ ಒಂದು ರೂಪದಲ್ಲಿ ಅಮ್ಮನ ಅಡಿಗೆಮನೆಯನ್ನು ಹೊಕ್ಕಿತ್ತು. ಕೊಕ್ಕೊ ಒಂದೇ ಆ ಹೊಸ್ತಿಲು ದಾಟಿರಲಿಲ್ಲ. ಅದು ದಾಟಿದ್ದು 2020ರ ಬೇಸಿಗೆಯಲ್ಲಿ, ಬ್ರೌನಿಯಾಗಿ.

ಪುತ್ತೂರು, ಸುಳ್ಯ, ಬಂಟ್ವಾಳದ ಕಡೆಯ ತೋಟದ ಮನೆಗಳಲ್ಲಿ ಬೆಳೆದವರಿಗೆ ಇದರಲ್ಲಿ ಆಶ್ಚರ್ಯ ಕಾಣಲಾರದು. ನಮ್ಮ ಜಿಲ್ಲೆಯಲ್ಲೂ ಪಕ್ಕದ ಕೇರಳದಲ್ಲೂ ಕೊಕ್ಕೊ ಕೃಷಿ ಹರಡಿದ್ದು 1960, 70ರ ದಶಕಗಳಲ್ಲಿ. ನೆರಳು ಬೇಕೆನ್ನುವ ಗಿಡಕ್ಕೆ ಅಡಿಕೆ ತೋಟದ ನೆರಳು ಸಿದ್ಧವಾಗಿಯೇ ಇತ್ತು. ಅಡಿಕೆಗೆ ಹಾಯಿಸುವ ನೀರು ಇದಕ್ಕೂ ಸಾಕಾಗುತ್ತಿತ್ತು, ಉದುರುವ ಎಲೆ ಬುಡಕ್ಕೆ ಹೊದಿಕೆಯಾಗುತ್ತಿತ್ತು. ಎಂಬತ್ತರ ದಶಕದ ಆರಂಭದಲ್ಲಿ ಬೆಲೆ ನೆಲಕಚ್ಚಿತು, ಕೊಳ್ಳುವವರೇ ಇಲ್ಲವಾದರು. ಎಷ್ಟೋ ಮಂದಿ ಬೇಸತ್ತು ಗಿಡ ಕಡಿದು ಹಾಕಿದರು. 1973ರಲ್ಲಿ ಅಡಿಕೆ ಬೆಳೆಗಾರರಿಗಾಗಿ ಹುಟ್ಟಿದ ಕ್ಯಾಂಪ್ಕೊ ಆ ಕಷ್ಟಕಾಲದಲ್ಲಿ ಕೊಕ್ಕೊ ಖರೀದಿಗೂ ಇಳಿಯಿತು. ಮುಂದೆ 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ತೆರೆಯಿತು. ರೈತರ ಸಹಕಾರಿ ಸಂಸ್ಥೆಯೊಂದು ಬರಿಯ ಬೀಜ ಮಾರುವುದಕ್ಕೆ ನಿಲ್ಲದೆ ಚಾಕಲೇಟನ್ನೇ ಮಾಡಲು ಹೊರಟದ್ದು ನನಗೆ ಇವತ್ತಿಗೂ ಹೆಮ್ಮೆಯ ವಿಷಯ. ಅಜ್ಜ ಕೊಡಲಿ ಎತ್ತದೆ ಇದ್ದದ್ದು ಆ ಭರವಸೆಯಿಂದಲೇ ಎಂದು ಅಪ್ಪ ಹೇಳುತ್ತಾರೆ.

ಮಕ್ಕಳಾಗಿದ್ದಾಗ ನಮಗೂ ಕೊಕ್ಕೊಗೂ ಒಂದು ನಂಟಿತ್ತು. ಹಣ್ಣು ಒಡೆಯುವ ದಿನ ಅಂಗಳದ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಕಾಯುತ್ತಿದ್ದೆವು. ಕತ್ತಿ ಬಳಸಿದರೆ ಬೀಜಕ್ಕೆ ಗಾಯವಾಗುತ್ತದೆಂದು ಹಣ್ಣನ್ನು ಮರದ ಕೊರಡಿಗೆ ಬಡಿದು ಒಡೆಯುತ್ತಿದ್ದರು. ಒಳಗೆ ನಡುದಿಂಡಿನ ಸುತ್ತ ಮೂವತ್ತು ನಲವತ್ತು ಬೀಜ, ಪ್ರತಿಯೊಂದಕ್ಕೂ ಬಿಳಿಯ ಲೋಳೆಯ ಹೊದಿಕೆ. ಆ ಲೋಳೆಯ ಹುಳಿ ಮಿಶ್ರಿತ ಸಿಹಿ ನಮಗೆ ಪ್ರಾಣ. ಚೀಪಿ ಚೀಪಿ ಬೀಜವನ್ನು ಬೇರೆ ಗುಡ್ಡೆ ಹಾಕಬೇಕಿತ್ತು, ಏಕೆಂದರೆ ಲೋಳೆ ಹೋದ ಬೀಜ ಸರಿಯಾಗಿ ಹುದುಗುವುದಿಲ್ಲ, ಅದನ್ನು ತೂಕಕ್ಕೆ ಹಾಕುವಂತಿಲ್ಲ. ಅದಕ್ಕಾಗಿ ನಮ್ಮ ಪಾಲಿಗೆ ಅಳಿಲು ಕಚ್ಚಿದ ಹಣ್ಣುಗಳನ್ನೇ ಇಡುತ್ತಿದ್ದರು. ಅಣ್ಣ ಒಮ್ಮೆ ಬೀಜ ಕಚ್ಚಿ ನೋಡು ಎಂದ. ಕಚ್ಚಿದೆ. ಒಳಗೆ ಕಡುನೇರಳೆ ಬಣ್ಣ, ನಾಲಿಗೆಯನ್ನೇ ಮರಗಟ್ಟಿಸುವ ಕಹಿ ಒಗರು. ಚಾಕಲೇಟು ಇದರಿಂದಲೇ ಆಗುವುದು ಎಂದು ಅಪ್ಪ ಹೇಳಿದಾಗ ನಾನು ನಂಬಲಿಲ್ಲ. ಅಪ್ಪನೂ ವಿವರಿಸಲಿಲ್ಲ. ಕಾರ್ಖಾನೆಯ ಗೇಟಿನ ಆಚೆ ಏನಾಗುತ್ತದೆ ಎನ್ನುವುದು ನಮ್ಮ ಮನೆಯ ತಿಳಿವಳಿಕೆಗೆ ಹೊರಗಿನ ಸಂಗತಿಯಾಗಿತ್ತು.

ಬ್ರೌನಿ ಎಂಬುದನ್ನು ಮೊದಲು ತಿಂದದ್ದು ಕೆಲಸಕ್ಕೆಂದು ಬೆಂಗಳೂರು ಸೇರಿದ ಮೇಲೆ, ಕಚೇರಿಯ ಹತ್ತಿರದ ಬೇಕರಿಯಲ್ಲಿ. ಕಾದ ಕಬ್ಬಿಣದ ತಟ್ಟೆಯ ಮೇಲೆ ಚೌಕಾಕಾರದ ಕಂದು ತುಂಡು, ಅದರ ಮೇಲೆ ಐಸ್ ಕ್ರೀಮು, ಅದರ ಮೇಲೆ ಸುರಿದ ಚಾಕಲೇಟ್ ಸಾಸು ತಟ್ಟೆಗೆ ತಾಗಿ ಚುಂಯ್ ಎನ್ನುತ್ತಿತ್ತು. ಸದ್ದು ಹೊಗೆ ಅಡಗಿದ ಮೇಲೆ ಉಳಿಯಿತಲ್ಲ, ಆ ತುಂಡು ನನಗೆ ಹಿಡಿಸಿತು. ಕೇಕಿನ ಹಗುರ ಅದಕ್ಕಿರಲಿಲ್ಲ. ಹಲ್ಲಿಗೆ ಒತ್ತಿ ಸಿಗುವ, ನಡುವೆ ಇನ್ನೂ ಹಸಿಯೇನೋ ಎನ್ನಿಸುವ ತೇವ. ಅಂಚಿನಲ್ಲಿ ಜಗಿಯುವ ಗಟ್ಟಿತನ. ನಾನು ತಿನ್ನುತ್ತಿರುವುದು ನಮ್ಮ ತೋಟದ ಬೀಜವೇ ಇರಬಹುದು ಎಂದು ಆ ದಿನ ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ? ನಾನು ಕಂಡ ಕೊಕ್ಕೊದಲ್ಲಿ ಆ ವಾಸನೆಯ ಸುಳಿವೇ ಇರಲಿಲ್ಲ.

2020ರ ಮಾರ್ಚ್ ತಿಂಗಳಲ್ಲಿ ಯುಗಾದಿಗೆಂದು ಊರಿಗೆ ಬಂದವಳು ಅಲ್ಲೇ ಉಳಿದೆ. 25ರಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡಿತು. ಅಣ್ಣ, ಅತ್ತಿಗೆ, ಅವರ ಮಗಳು ಕೂಡ ಮಂಗಳೂರಿನಿಂದ ಬಂದು ಸೇರಿದ್ದರು. ಎಷ್ಟೋ ವರ್ಷಗಳ ನಂತರ ಮನೆ ತುಂಬಿತ್ತು. ಪೇಟೆಗೆ ಹೋಗುವಂತಿರಲಿಲ್ಲ. ಹೋದರೂ ಅಕ್ಕಿ, ಬೇಳೆ, ಎಣ್ಣೆಗಿಂತ ಹೆಚ್ಚಿನದು ಕೇಳಲು ಮನಸ್ಸೊಪ್ಪುತ್ತಿರಲಿಲ್ಲ. ಮನೆಯಲ್ಲಿ ಊಟಕ್ಕೆ ಕೊರತೆಯಿರಲಿಲ್ಲ. ಹಲಸಿನಕಾಯಿಯ ಕಾಲ, ಗುಜ್ಜೆಯ ಪಲ್ಯ, ಬಾಳೆಕಾಯಿ, ಮಜ್ಜಿಗೆ, ಮಾವಿನಮಿಡಿಯ ಉಪ್ಪಿನಕಾಯಿ. ಆದರೆ ಎಂಟು ವರ್ಷದ ಮಗುವಿಗೆ ಸಂಜೆ ಐದು ಗಂಟೆಗೆ ಗುಜ್ಜೆ ಪಲ್ಯ ಸಮಾಧಾನ ತರುವುದಿಲ್ಲ. ಗೆಳತಿಯರಿಲ್ಲ, ಶಾಲೆಯಿಲ್ಲ, ಹುಟ್ಟುಹಬ್ಬ ಹತ್ತಿರ ಬರುತ್ತಿದೆ. ಕೇಕು ಇಲ್ಲವಲ್ಲ ಎಂದು ಅವಳು ಅಳಲಿಲ್ಲ. ಅಳದೆ ಸುಮ್ಮನಿದ್ದದ್ದೇ ನನಗೆ ತಡೆಯಲಾಗಲಿಲ್ಲ.

ಉಗ್ರಾಣದ ದೀಪ ಹಾಕಿ ನಿಂತೆ. ಹಳೆಯ ಮನೆಗಳ ಉಗ್ರಾಣ ಗೊತ್ತಲ್ಲ, ನಡು ಮಧ್ಯಾಹ್ನವೂ ಅಲ್ಲಿ ದೀಪ ಬೇಕು. ಮರದ ಹಲಗೆಯ ಮೇಲೆ ಉಪ್ಪಿನಕಾಯಿ ಭರಣಿಗಳು, ಹಪ್ಪಳದ ಡಬ್ಬ, ಅಟ್ಟಕ್ಕೆ ನೇತುಬಿಟ್ಟ ಸೌತೆಕಾಯಿ. ಅವುಗಳ ಹಿಂದೆ ಸ್ವಲ್ಪ ಸ್ವಲ್ಪ ಉಳಿದ ಸಾಮಾನುಗಳ ಸಾಲು. “ಎಂತ ಹುಡ್ಕುತ್ತೆ ಕೂಸೆ?” ಎಂದು ಅಮ್ಮ ಅಡಿಗೆಮನೆಯಿಂದಲೇ ಕೇಳಿದರು. ನನಗೂ ಗೊತ್ತಿರಲಿಲ್ಲ. ಹೋಳಿಗೆಯ ಕಣಕಕ್ಕೆಂದು ತಂದು ಉಳಿದ ಮೈದಾ ಸಿಕ್ಕಿತು. ಅತ್ತಿಗೆಯ ತವರಿನವರು ಶಿರಸಿಯಿಂದ ಕಳಿಸಿದ ಜೋನಿಬೆಲ್ಲ, ಡಬ್ಬದ ಕಾಲು ಭಾಗ. ಇಡಿ ಗೇರುಬೀಜ ನೆಂಟರಿಗೆ ಕೊಟ್ಟ ಮೇಲೆ ಮನೆಗೆ ಉಳಿದ ಒಡಕಲು ಚೂರು. ಅಡಿಗೆ ಸೋಡ. ಮೂಲೆಯಲ್ಲಿ, ಬಾಯಿಗೆ ರಬ್ಬರು ಬ್ಯಾಂಡು ಸುತ್ತಿದ ಒಂದು ಕೊಕ್ಕೊ ಪುಡಿಯ ಪೊಟ್ಟಣ. ಅತ್ತಿಗೆ ಯಾವಾಗಲೋ ಮಗಳಿಗೆಂದು ತಂದು ಮರೆತದ್ದು. ಅರ್ಧಕ್ಕಿಂತ ಕಡಿಮೆ ಇತ್ತು, ಆದರೆ ಮೂಗಿಗೆ ಹಿಡಿದರೆ ಪರಿಮಳ ಜೀವಂತವಾಗಿತ್ತು.

ಫ್ರಿಜ್ಜಿನ ಬಾಗಿಲಿನಲ್ಲಿ ಕ್ಯಾಂಪ್ಕೊ ಬಾರಿನ ಎರಡು ತುಂಡುಗಳಿದ್ದವು. ಮೈಮೇಲೆಲ್ಲ ಬಿಳಿ ಮಚ್ಚೆ. “ಅತ್ತೇ, ಇದಕ್ಕೆ ಬೂಷ್ಟು ಬೈಂದು” ಎಂದು ಮಗು ಕಸದ ಬುಟ್ಟಿಯ ಕಡೆ ಹೊರಟಳು. ನಾನು ತಡೆದೆ. ಅದು ಬೂಷ್ಟಲ್ಲ. ಸೆಕೆಗೆ ಚಾಕಲೇಟಿನ ಒಳಗಿನ ಬೆಣ್ಣೆಯಂಶ ಕರಗಿ ಮೇಲೆ ಬಂದು, ತಂಪಿಗೆ ಮತ್ತೆ ಹರಳುಗಟ್ಟಿದಾಗ ಹೀಗೆ ಬಿಳಿಚಿಕೊಳ್ಳುತ್ತದೆ. ನೋಟ ಕೆಡುತ್ತದೆ, ತಿನ್ನಲು ಏನೂ ತೊಂದರೆಯಿಲ್ಲ, ಕರಗಿಸಿದರೆ ಮಚ್ಚೆಯೂ ಮಾಯ. ಕರಾವಳಿಯ ಬೇಸಿಗೆಯಲ್ಲಿ ಇಂಥ ಎಷ್ಟು ಚಾಕಲೇಟುಗಳು ಸುಮ್ಮನೆ ತಿಪ್ಪೆಗೆ ಹೋಗುತ್ತವೋ ಎಂದು ನನಗೆ ಆಗಾಗ ಸಂಕಟವಾಗುತ್ತದೆ.

ಬ್ರೌನಿ ಮಾಡುವುದೆಂದು ಅಲ್ಲೇ ತೀರ್ಮಾನವಾಯಿತು. ಕೇಕಿಗಿಂತ ಅದೇ ವಾಸಿ ಎನ್ನಲು ಕಾರಣವಿತ್ತು. ಕೇಕು ಉಬ್ಬಬೇಕು, ಅದಕ್ಕೆ ಮೊಟ್ಟೆ ಬೇಕು, ಒಲೆಯ ಬಿಸಿ ಸಮವಾಗಿರಬೇಕು. ಬ್ರೌನಿ ಉಬ್ಬಬೇಕಾಗಿಲ್ಲ. ಹಿಟ್ಟು ಕಡಿಮೆ, ಜಿಡ್ಡು ಹೆಚ್ಚು ಇದ್ದಷ್ಟೂ ಅದು ಮೆತ್ತಗೆ, ಒತ್ತೊತ್ತಾಗಿ ನಿಲ್ಲುತ್ತದೆ. ಇದ್ದದ್ದರಲ್ಲಿ ಸುಧಾರಿಸುವವರ ಪಾಲಿಗೆ ಇಷ್ಟು ಉದಾರವಾದ ತಿಂಡಿ ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿ ಇನ್ನೊಂದಿಲ್ಲ.

ನಮ್ಮ ಹವ್ಯಕ ಮನೆಯ ಅಡಿಗೆಮನೆಗೆ ಮೊಟ್ಟೆ ಬರುವುದಿಲ್ಲ. ಆ ಜಾಗಕ್ಕೆ ಗಟ್ಟಿ ಮೊಸರು ತೆಗೆದುಕೊಂಡೆ. ಮೊಟ್ಟೆಯಿಲ್ಲದಿದ್ದರೆ ಒಂದು ನಷ್ಟವಂತೂ ಇದೆ. ಸಕ್ಕರೆಯ ಜೊತೆ ಚೆನ್ನಾಗಿ ಕಡೆದ ಮೊಟ್ಟೆ ಬೇಯುವಾಗ ಮೇಲೆ ಕಾಗದದಷ್ಟು ತೆಳ್ಳಗಿನ, ಹೊಳೆಯುವ ಬಿರುಕು ಪದರ ಕಟ್ಟುತ್ತದೆ. ಬೇಕರಿ ಬ್ರೌನಿಯ ಅಂದ ಅದು. ಮೊಸರು ಅದನ್ನು ಕೊಡುವುದಿಲ್ಲ. ಆದರೆ ಮೊಸರಿನ ಹುಳಿ, ಬೆಲ್ಲದ ಹುಳಿ, ಕೊಕ್ಕೊ ಪುಡಿಯ ಹುಳಿ ಮೂರೂ ಸೇರಿ ಸೋಡವನ್ನು ಎಬ್ಬಿಸುತ್ತವೆ, ತುಂಡು ಕಲ್ಲಾಗದಂತೆ ಕಾಯುತ್ತವೆ. ಸಾದಾ ಕೊಕ್ಕೊ ಪುಡಿಗೆ ಸಹಜವಾದ ಹುಳಿಯಿದೆ. ಕ್ಷಾರ ಬೆರೆಸಿ ಕಪ್ಪಾಗಿಸಿದ ಪುಡಿಗೆ ಆ ಗುಣವಿಲ್ಲ. ಬಣ್ಣ ನೋಡಿ ಮರುಳಾಗುವವರು ಕಪ್ಪು ಪುಡಿಯನ್ನೇ ಹುಡುಕುತ್ತಾರೆ, ನನ್ನ ಮತ ಮಾತ್ರ ಸಾದಾ ಪುಡಿಗೆ.

ಬೆಣ್ಣೆಯನ್ನು ಅಮ್ಮ ಅಂದೇ ಕಾಯಿಸಿಬಿಟ್ಟಿದ್ದರು. ಹಾಗಾಗಿ ತುಪ್ಪ. ಬೆಣ್ಣೆಯಲ್ಲಿ ಆರನೆಯ ಒಂದು ಭಾಗದಷ್ಟು ನೀರಿರುತ್ತದೆ, ತುಪ್ಪದಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅದಕ್ಕೆ ತುಪ್ಪ ಕೊಂಚ ಕಡಿಮೆ ಹಾಕಿ, ಆ ಕೊರತೆಯನ್ನು ಹಾಲಿನಿಂದ ತುಂಬಬೇಕು. ಅಳತೆಗೆ ಅಮ್ಮನ ಕುಡ್ತೆ. ಒಂದು ಕುಡ್ತೆ ಮೈದಾಕ್ಕೆ ಅರ್ಧ ಕುಡ್ತೆ ಕೊಕ್ಕೊ ಪುಡಿ, ಅರ್ಧಕ್ಕಿಂತ ತುಸು ಕಡಿಮೆ ತುಪ್ಪ, ಮುಕ್ಕಾಲು ಕುಡ್ತೆ ಜೋನಿಬೆಲ್ಲ, ಅರ್ಧ ಕುಡ್ತೆ ಮೊಸರು, ಚಿಟಿಕೆ ಉಪ್ಪು, ಕಾಲು ಚಮಚ ಸೋಡ. ಬಿಸಿ ತುಪ್ಪದಲ್ಲಿ ಚಾಕಲೇಟು ತುಂಡುಗಳನ್ನು ಕರಗಿಸಿ, ಅದರಲ್ಲೇ ಕೊಕ್ಕೊ ಪುಡಿ ಕಲಸಿದೆ. ಪುಡಿಯನ್ನು ಒಣಹಿಟ್ಟಿನ ಜೊತೆ ಸೇರಿಸುವ ಬದಲು ಬಿಸಿ ಜಿಡ್ಡಿನಲ್ಲಿ ಅರಳಿಸಿದರೆ ಪರಿಮಳ ಇಮ್ಮಡಿಯಾಗುತ್ತದೆ. ಒಗ್ಗರಣೆಗೆ ಇಂಗು ಹಾಕುವ ಯಾವ ಅಡಿಗೆಯವಳಿಗೂ ಇದನ್ನು ಬೇರೆ ಹೇಳಿಕೊಡಬೇಕಾಗಿಲ್ಲ. ಮೈದಾ ಬಿದ್ದ ಮೇಲೆ ಹೆಚ್ಚು ತಿರುವದಂತೆ ಮಗುವಿನ ಕೈ ಹಿಡಿದು ನಿಲ್ಲಿಸಿದೆ. ತಿರುವಿದಷ್ಟೂ ಹಿಟ್ಟು ಅಂಟಾಗಿ, ತುಂಡು ರಬ್ಬರಿನ ಹಾಗೆ ಜಗ್ಗುತ್ತದೆ.

ಉಳಿದದ್ದು ಒಲೆಯ ಪ್ರಶ್ನೆ. ನಮ್ಮಲ್ಲಿ ಓವನ್ ಇರಲಿಲ್ಲ. ಗ್ಯಾಸಿನ ಮೇಲೆ ಕುಕ್ಕರಿನಲ್ಲಿ ಉಪ್ಪು ಹರವಿ, ವೆಯ್ಟು ಗ್ಯಾಸ್ಕೆಟ್ಟು ತೆಗೆದು ಬೇಯಿಸುವ ಉಪಾಯ ಅತ್ತಿಗೆಗೆ ಗೊತ್ತಿತ್ತು. ಅದರಲ್ಲಿ ಬಿಸಿ ಬರುವುದು ಕೆಳಗಿನಿಂದ ಮಾತ್ರ, ಮೇಲ್ಮೈ ಬೆವರಿ ಒದ್ದೆಯಾಗಿಯೇ ಉಳಿಯುತ್ತದೆ. ಆಗ ಅಮ್ಮನಿಗೆ ನೆನಪಾದದ್ದು ತಮ್ಮ ಚಿಕ್ಕಂದಿನ ನೆರೆಮನೆಯ ಕ್ರೈಸ್ತ ಬಾಯಮ್ಮ. ಕ್ರಿಸ್ಮಸ್ಸಿನ ಹೊತ್ತಿಗೆ ಅವರು ದಪ್ಪ ತಳದ ಪಾತ್ರೆಯಲ್ಲಿ ಹಿಟ್ಟು ಹೊಯ್ದು, ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ ಇಟ್ಟು ಬೇಯಿಸುತ್ತಿದ್ದುದನ್ನು ಅಮ್ಮ ಬೇಲಿಯ ಈಚೆಯಿಂದ ಕಂಡಿದ್ದರು. ಆ ಮನೆಯ ತಿಂಡಿ ನಮ್ಮ ಅಮ್ಮನ ಬಾಯಿಗೆ ಬಂದಿರಲಿಲ್ಲ, ಆ ಕಾಲದ ಮಡಿ ಹಾಗಿತ್ತು. ವಿದ್ಯೆ ಮಾತ್ರ ಕಣ್ಣಿನಿಂದ ಇಳಿದು ಇಷ್ಟು ವರ್ಷ ಅವರೊಳಗೆ ಕೂತಿತ್ತು. ಹಿತ್ತಿಲ ಬಚ್ಚಲೊಲೆಯಲ್ಲಿ ತೆಂಗಿನ ಗೆರಟೆ ಉರಿಸಿ ಕೆಂಡ ಮಾಡಿದರು. ದಪ್ಪ ಅಲ್ಯುಮಿನಿಯಂ ಪಾತ್ರೆಯ ತಳಕ್ಕೆ ಹೊಳೆಯ ಮರಳು, ಮರಳಿನ ಮೇಲೆ ಹಿಟ್ಟಿನ ತಟ್ಟೆ, ಮುಚ್ಚಳದ ಮೇಲೆ ಗೆರಟೆಯ ಕೆಂಡ. ಉರಿ ನೋಡುವುದು ಅಮ್ಮನ ಪಾಲಿಗೆ ಬಂತು. ಗಡಿಯಾರ, ಡಿಗ್ರಿಯ ಮಾತು ನಾನು ಎತ್ತಲಿಲ್ಲ. ಮುಚ್ಚಳದ ಅಂಚಿನಿಂದ ಬರುವ ವಾಸನೆ ಹಸಿಹಿಟ್ಟಿನದಿಂದ ಹುರಿದದ್ದಕ್ಕೆ ತಿರುಗಿದ ಕ್ಷಣವನ್ನು ಹಿಡಿದು ಅವರು ಕೆಂಡ ಸರಿಸಿದರು.

ಆರಲು ಬಿಡಬೇಕು, ಬಿಸಿಯಲ್ಲಿ ಕತ್ತರಿಸಿದರೆ ಹಿಟ್ಟಿನ ಮುದ್ದೆ. ಅಷ್ಟು ಹೊತ್ತು ಮಗು ಪಾತ್ರೆಯ ಪಕ್ಕದಿಂದ ಏಳಲಿಲ್ಲ. ಮೇಲ್ಮೈಗೆ ಹೊಳಪು ಬಂದಿರಲಿಲ್ಲ, ಅಂಚು ಮಾತ್ರ ಬೆಲ್ಲ ಕಂದಿ ಗರಿಗರಿಯಾಗಿತ್ತು. ಒಳಗೆ ತೇವ, ತುಪ್ಪದ ಘಮ, ಗೇರುಬೀಜದ ಕುರುಕು, ಎಲ್ಲದರ ತಳದಲ್ಲಿ ಜೋನಿಬೆಲ್ಲದ ಆಳವಾದ ಸಿಹಿ. ಬೇಕರಿಯ ಬ್ರೌನಿಯ ರುಚಿ ಇದಲ್ಲ. ನಾನು ಮನಸಾರೆ ಹೇಳುತ್ತೇನೆ, ನನಗೆ ಇದೇ ಹೆಚ್ಚು. “ಲಾಯ್ಕಾಯಿದು” ಎಂದರು ಅಮ್ಮ. ಇನ್ನೊಂದು ತುಂಡಿಗೆ ಕೈ ಚಾಚಿದರು.

ಬ್ರೌನಿಗೆ ಬೆಲ್ಲ ಹಾಕಿದ್ದನ್ನು ಕೇಳಿ ಬೆಂಗಳೂರಿನ ಗೆಳತಿಯೊಬ್ಬಳು ಫೋನಿನಲ್ಲೇ ಮೂಗು ಮುರಿದಳು. ಅವಳಿಗೆ ನಾನು ಒಂದು ಸಂಗತಿ ಹೇಳಿದೆ. ಅಮೆರಿಕದ ಬಾಸ್ಟನ್ನಿನ ಅಡಿಗೆ ಶಾಲೆಯ ಫ್ಯಾನಿ ಫಾರ್ಮರ್ 1896ರಲ್ಲಿ ಪ್ರಕಟಿಸಿದ ಹೆಸರಾಂತ ಪಾಕಪುಸ್ತಕದಲ್ಲಿ ಬ್ರೌನಿ ಎಂಬ ತಿನಿಸಿದೆ, ಆದರೆ ಅದರಲ್ಲಿ ಚಾಕಲೇಟೇ ಇಲ್ಲ. ಕಬ್ಬಿನ ಕಾಕಂಬಿ, ಬೆಣ್ಣೆ, ಹಿಟ್ಟು, ಮೊಟ್ಟೆ, ಪೆಕನ್ ಬೀಜ ಸೇರಿಸಿ ಸಣ್ಣ ಅಚ್ಚುಗಳಲ್ಲಿ ಬೇಯಿಸುವ ತಿಂಡಿ ಅದು. ಅದೇ ಪುಸ್ತಕದ 1906ರ ಆವೃತ್ತಿಯಲ್ಲಿ ಚಾಕಲೇಟು ಸೇರಿತು. ಶಿಕಾಗೊದ ಪಾಮರ್ ಹೌಸ್ ಹೋಟೆಲಿನವರು, 1893ರ ವಿಶ್ವ ಮೇಳಕ್ಕೆ ಬರುವ ಹೆಂಗಸರ ಊಟದ ಡಬ್ಬಿಗೆಂದು ಬರ್ತಾ ಪಾಮರ್ ಮಾಡಿಸಿದ ಚಾಕಲೇಟು ತಿಂಡಿಯೇ ಮೊದಲ ಬ್ರೌನಿ ಎನ್ನುತ್ತಾರೆ. ಯಾರು ಮೊದಲು ಎನ್ನುವ ಜಗಳ ನನ್ನದಲ್ಲ. ಕಬ್ಬಿನ ರಸದ ಕಪ್ಪು ಸಿಹಿಯಲ್ಲೇ ಅದು ಒಮ್ಮೆ ಹುಟ್ಟಿತ್ತು ಎಂಬುದು ಜೋನಿಬೆಲ್ಲದ ಡಬ್ಬ ಹಿಡಿದು ನಿಂತ ನನಗೆ ಬೇಕಾಗಿದ್ದ ಧೈರ್ಯ. ಮನೆಯಲ್ಲಿ ಇರುವುದನ್ನು ಹಾಕಿ ಮಾಡಿದ್ದನ್ನು ನಕಲು ಎಂದು ಕಡೆಗಣಿಸುವ ಅಭ್ಯಾಸ ನಮ್ಮಲ್ಲಿ ಬಹಳ ಬೇರೂರಿದೆ. ಪ್ರತಿಯೊಂದು ತಿನಿಸನ್ನೂ ಮೊದಲು ಮಾಡಿದವಳು ತನ್ನ ಉಗ್ರಾಣವನ್ನೇ ನೋಡಿ ಮಾಡಿದ್ದಲ್ಲವೆ?

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಬರಹಕ್ಕೆ ಕೂರುತ್ತಿರಲಿಲ್ಲ. ಕೊಕ್ಕೊ ಪುಡಿಯ ಪೊಟ್ಟಣ ಖಾಲಿಯಾಯಿತು. ಮಗು ಮತ್ತೆ ಬೇಕೆಂದಳು. ಪೇಟೆ ತೆರೆದಿರಲಿಲ್ಲ, ಬೀಜ ತೂಗುವ ಜಾಗವೂ ಮುಚ್ಚಿತ್ತು, ತೋಟದಲ್ಲಿ ಹಣ್ಣು ಮಾತ್ರ ಯಾರಿಗೂ ಕಾಯದೆ ಹಳದಿಯಾಗುತ್ತಲೇ ಇತ್ತು. ಬಿಟ್ಟರೆ ಇಲಿ, ಅಳಿಲು, ಇಲ್ಲವೇ ಕೊಳೆ. ಹಸಿ ಬೀಜವನ್ನು ಇಡುವಂತಿಲ್ಲ, ಹುದುಗಿಸಿ ಒಣಗಿಸಿದರೆ ಮಾತ್ರ ಉಳಿಯುತ್ತದೆ. ಅಜ್ಜನ ಕಾಲದಲ್ಲಿ ಆ ಕೆಲಸ ಮನೆಯಲ್ಲೇ ಆಗುತ್ತಿತ್ತಂತೆ. ಹಸಿ ಬೀಜಕ್ಕೇ ಖರೀದಿಯಾಗತೊಡಗಿದ ಮೇಲೆ ನಿಂತುಹೋಗಿತ್ತು. ಅಪ್ಪ ಅಟ್ಟದಿಂದ ಬಿದಿರ ಬುಟ್ಟಿಗಳನ್ನು ಇಳಿಸಿದರು.

ಬುಟ್ಟಿಯ ಒಳಗೆ ಬಾಳೆಲೆ ಹಾಸಿ, ಬೀಜ ತುಂಬಿ, ಮೇಲೆ ಬಾಳೆಲೆ ಮುಚ್ಚಿ ಗೋಣಿ ಹೊದಿಸಿಟ್ಟರು. ಒಂದು ದಿನ ಕಳೆದು ಕೈ ಇಟ್ಟರೆ ಬೆಚ್ಚಗೆ, ಇನ್ನೆರಡು ದಿನಕ್ಕೆ ಸುಡುವಷ್ಟು ಬಿಸಿ. ಬೆಂಕಿಯಿಲ್ಲದೆ, ಬೀಜ ತಾನಾಗಿ. ಲೋಳೆಯ ಸಕ್ಕರೆ ಮೊದಲು ಹೆಂಡದ ವಾಸನೆಗೆ, ಆಮೇಲೆ ವಿನೆಗರಿನ ಕಟು ವಾಸನೆಗೆ ತಿರುಗುತ್ತದೆ. ಆ ಬಿಸಿಗೆ, ಹುಳಿಗೆ ಬೀಜದೊಳಗಿನ ಮೊಳಕೆ ಸಾಯುತ್ತದೆ, ನೇರಳೆ ಬಣ್ಣ ಕಂದುಗಟ್ಟತೊಡಗುತ್ತದೆ, ಕಹಿ ಒಗರು ಇಳಿಯುತ್ತದೆ. ದಿನ ಬಿಟ್ಟು ದಿನ ಅಪ್ಪ ಬೀಜ ಮಗುಚುತ್ತಿದ್ದರು, ವಾರದೊಳಗೆ ತೆಗೆದು ಅಡಿಕೆ ಅಂಗಳದಲ್ಲಿ ಬಿಸಿಲಿಗೆ ಹರವಿದರು. ಮೂರು ಕಿಲೋ ಹಸಿ ಬೀಜ ಒಣಗಿದರೆ ಹೆಚ್ಚುಕಡಿಮೆ ಒಂದು ಕಿಲೋ. ಚಾಕಲೇಟಿನ ವಾಸನೆ ಹುಟ್ಟಲು ಬೇಕಾದ ಸರಕೆಲ್ಲ ಈ ಬುಟ್ಟಿಯಲ್ಲೇ ತಯಾರಾಗುತ್ತದೆ, ಹುರಿದಾಗ ಅದು ಹೊರಬರುತ್ತದೆ. ಚಿಕ್ಕಂದಿನಲ್ಲಿ ಹಸಿ ಬೀಜ ಕಚ್ಚಿದವಳಿಗೆ ಅಪ್ಪನ ಮಾತು ನಂಬಲಾಗದೆ ಹೋದದ್ದು ಏಕೆಂದು ನನಗೆ ಆಗ ಅರ್ಥವಾಯಿತು.

ಗೇರುಬೀಜ ಹುರಿಯುವ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ ಅಮ್ಮ ಕೊಕ್ಕೊ ಹುರಿದರು. ಸಿಪ್ಪೆ ಚಟಚಟ ಒಡೆಯತೊಡಗಿತು. ಆಮೇಲೆ ಆ ವಾಸನೆ! ಜಗಲಿಯಲ್ಲಿ ಪತ್ರಿಕೆ ಓದುತ್ತಿದ್ದ ಅಪ್ಪ ಎದ್ದು ಒಳಗೆ ಬಂದರು. ಇಷ್ಟು ವರ್ಷ ಬೆಳೆದ ಬೆಳೆಯ ನಿಜವಾದ ಪರಿಮಳ ಅವರ ಮನೆಯಲ್ಲಿ ಎದ್ದದ್ದು ಅದೇ ಮೊದಲು. ಸಿಪ್ಪೆ ಬಿಡಿಸಿ, ಗೆರಸೆಯಲ್ಲಿ ಕೇರಿ, ತಿರುಳನ್ನು ಗ್ರೈಂಡರಿಗೆ ಹಾಕಿದೆವು. ದೋಸೆ ಹಿಟ್ಟು ರುಬ್ಬುವ ಅದೇ ಕಲ್ಲಿನ ಗ್ರೈಂಡರು, ತೊಳೆದು ತೇವದ ಪಸೆಯೂ ಉಳಿಯದಂತೆ ಒಣಗಿಸಿದ್ದು. ಚಾಕಲೇಟಿಗೆ ಹನಿ ನೀರು ಬಿದ್ದರೂ ಗಂಟುಗಟ್ಟುತ್ತದೆ. ಒಂದು ತೊಟ್ಟು ನೀರು, ಎಣ್ಣೆ ಹಾಕಲಿಲ್ಲ. ಮೊದಲು ಪುಡಿಯಾಯಿತು, ಪುಡಿ ಮುದ್ದೆಯಾಯಿತು, ಆಮೇಲೆ ಮುದ್ದೆ ತಾನಾಗಿ ಕರಗಿ ಕಪ್ಪು ದ್ರವವಾಗಿ ಕಲ್ಲಿನ ಸುತ್ತ ಹರಿಯತೊಡಗಿತು. ತಿರುಳಿನ ತೂಕದಲ್ಲಿ ಅರ್ಧದಷ್ಟು ಕೊಕ್ಕೊ ಬೆಣ್ಣೆಯೇ ಇರುವುದರಿಂದ ಕಲ್ಲಿನ ತಿಕ್ಕಾಟದ ಬಿಸಿಗೇ ಅದು ಕರಗುತ್ತದೆ. 1828ರಲ್ಲಿ ಹಾಲೆಂಡಿನ ವಾನ್ ಹೌಟನ್ ಮನೆತನದವರು ಈ ಬೆಣ್ಣೆಯನ್ನು ಒತ್ತಿ ತೆಗೆಯುವ ಯಂತ್ರಕ್ಕೆ ಹಕ್ಕುಪತ್ರ ಪಡೆದ ಮೇಲೆ ಡಬ್ಬಿಯ ಕೊಕ್ಕೊ ಪುಡಿ ಎಂಬುದು ಸಾಧ್ಯವಾಯಿತು. ನಮ್ಮಲ್ಲಿ ಒತ್ತುವ ಯಂತ್ರವಿಲ್ಲ, ಬೆಣ್ಣೆ ತೆಗೆಯುವ ಅಗತ್ಯವೂ ಬ್ರೌನಿಗಿಲ್ಲ. ತುಪ್ಪ ಕಡಿಮೆ ಮಾಡಿದರಾಯಿತು. ಅಮೆರಿಕ, ಯುರೋಪಿನಲ್ಲಿ ಬೀಜದಿಂದಲೇ ಚಾಕಲೇಟು ಮಾಡುವ ಎಷ್ಟೋ ಸಣ್ಣ ತಯಾರಕರು ದೋಸೆ ಹಿಟ್ಟಿಗೆಂದೇ ಹುಟ್ಟಿದ ನಮ್ಮ ದಕ್ಷಿಣ ಭಾರತದ ಗ್ರೈಂಡರುಗಳನ್ನು ತರಿಸಿಕೊಂಡು ಕೊಕ್ಕೊ ಅರೆಯುತ್ತಾರೆ ಎಂದು ನನಗೆ ತಿಳಿದದ್ದು ಆಮೇಲೆ.

ಆ ದ್ರವವನ್ನು ಹಾಕಿ ಮಾಡಿದ ಬ್ರೌನಿ ನುಣುಪಾಗಿರಲಿಲ್ಲ. ಮನೆಯ ಗ್ರೈಂಡರಿನಲ್ಲಿ ಅಷ್ಟು ಹೊತ್ತು ಅರೆದರೂ ನಾಲಿಗೆಗೆ ಸಣ್ಣ ತರಿ ಸಿಗುತ್ತಿತ್ತು. ಹುಳಿಯ ಒಂದು ಎಳೆ ಕೂಡ ಇತ್ತು, ಹಣ್ಣಿನದು. ಅಂಗಡಿಯ ಪುಡಿಯಲ್ಲಿ ಅದು ನನಗೆ ಎಂದೂ ಸಿಕ್ಕಿದ್ದಿಲ್ಲ. ಮಗುವಿನ ಹುಟ್ಟುಹಬ್ಬಕ್ಕೆ ಅದನ್ನೇ ಕತ್ತರಿಸಿದೆವು. ಬಾಳೆಲೆಯ ಚೂರಿನ ಮೇಲಿಟ್ಟ ತುಂಡನ್ನು ಅಪ್ಪ ತಿಂದು ಮುಗಿಸುವವರೆಗೂ ಮಾತಾಡಲಿಲ್ಲ. ಆಮೇಲೆ ಕೇಳಿದರು: “ಇದು ನಮ್ಮ ತೋಟದ್ದೆಯೋ?” ಬುಟ್ಟಿ ಮಗುಚಿದವರು ಅವರೇ, ಬಿಸಿಲಿಗೆ ಹರವಿದವರು ಅವರೇ. ಆದರೂ ಕೇಳಿದರು. ಹೌದು ಅಪ್ಪ ಎಂದೆ. ಅಜ್ಜ ಇದ್ದಿದ್ದರೆ ಎಂದು ಅವರು ಶುರುಮಾಡಿ ನಿಲ್ಲಿಸಿದ್ದು ನಮಗೆಲ್ಲ ಕೇಳಿಸಿತು.

ಬೆಳೆದವನ ಬಾಯಿಗೆ ಬೆಳೆ ಬರದೆ ಹೋಗುವುದು ಅನ್ಯಾಯ ಎಂದು ನಾನು ಮೊದಲು ಪುಸ್ತಕದಲ್ಲಿ ಓದಿದ್ದೆ. ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್, ಘಾನಾ ಎರಡೇ ದೇಶಗಳು ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೊಕ್ಕೊ ಬೆಳೆಯುತ್ತವೆ. ಅಲ್ಲಿ ಚಾಕಲೇಟನ್ನು ಅಪರೂಪಕ್ಕೂ ತಿನ್ನದ ಬೆಳೆಗಾರರು ಎಷ್ಟೋ ಜನ. ಅದನ್ನು ಓದಿ ಮರುಗಿದ್ದ ನಾನು ನಮ್ಮ ಮನೆಯ ಅಂಗಳವನ್ನು ಆ ಕಣ್ಣಿನಿಂದ ನೋಡಿರಲಿಲ್ಲ. ನಮಗೆ ಅವರ ಬಡತನವಿಲ್ಲ, ಪೇಟೆಯಲ್ಲಿ ಚಾಕಲೇಟು ಕೊಳ್ಳಲು ಕಾಸಿತ್ತು. ಇಲ್ಲದ್ದು ದಾರಿ. ಬೀಜ ಗೇಟಿನ ಒಳಗೆ ಹೋಗುತ್ತಿತ್ತು, ಪೊಟ್ಟಣ ಹೊರಗೆ ಬರುತ್ತಿತ್ತು, ನಡುವಿನದು ಅಮ್ಮನ ಕೈಗೆ ಸಿಕ್ಕಿರಲಿಲ್ಲ. ಅದು ಸಿಕ್ಕಿದ ಮೇಲೆ ಅವರು ಅದನ್ನು ತಮ್ಮದಾಗಿಸಿಕೊಂಡ ವೇಗ ನೋಡಬೇಕಿತ್ತು. ಮಳೆಗಾಲ ಹಿಡಿಯುವುದರೊಳಗೆ ಕೊಕ್ಕೊ ತಿರುಳು ಹಾಕಿದ ಗೇರುಬೀಜದ ಬರ್ಫಿ ಆಯಿತು. ರಾಗಿಯ ಮಣ್ಣಿಗೆ ಒಂದು ಚಮಚ ಬಿತ್ತು. ಮೈದಾ ಮುಗಿದಾಗ ಗೋಧಿ ಹಿಟ್ಟಿನಲ್ಲಿ, ಅದೂ ಸಾಲದಾದಾಗ ಹುರಿದ ಅಕ್ಕಿಹಿಟ್ಟು ಸೇರಿಸಿ ಬ್ರೌನಿ ಮಾಡಿದರು. ಅಕ್ಕಿಹಿಟ್ಟಿನದು ಸ್ವಲ್ಪ ಉದುರುತ್ತಿತ್ತು, ಕಳಿತ ಬಾಳೆಹಣ್ಣು ಹಿಸುಕಿ ಸೇರಿಸಿ ಅದನ್ನೂ ಹದಕ್ಕೆ ತಂದರು. ಮೇಲ್ಮೈ ಹೊಳೆಯುವುದಿಲ್ಲ ಎಂಬ ನನ್ನ ಚಿಂತೆಗೆ ಅವರು ಕೊಟ್ಟ ಪರಿಹಾರ, ಕೆಂಡ ಇಡುವ ಮೊದಲು ಮೇಲೆ ಒಂದು ಹಿಡಿ ಸಕ್ಕರೆ ಉದುರಿಸುವುದು. ಅದು ಕರಗಿ ತೆಳ್ಳಗೆ ಗಾಜುಗಟ್ಟಿತು. ಅಡಿಗೆ ಪುಸ್ತಕದಲ್ಲಿ ಮಗು ಅಜ್ಜಿಯ ಮಾತಿನಂತೆಯೇ ಬರೆದುಕೊಂಡಳು, ಕುಡ್ತೆಯ ಲೆಕ್ಕದಲ್ಲಿ.

ಲಾಕ್‌ಡೌನ್ ಮುಗಿಯಿತು. ಅಣ್ಣನ ಸಂಸಾರ ಮಂಗಳೂರಿಗೆ, ನಾನು ಬೆಂಗಳೂರಿಗೆ. ಬೀಜ ತೂಗುವ ಜಾಗ ತೆರೆಯಿತು, ಅಪ್ಪ ಮತ್ತೆ ಹಸಿ ಬೀಜ ಕೊಂಡುಹೋಗತೊಡಗಿದರು. ಬಿದಿರ ಬುಟ್ಟಿಗಳು ಮಾತ್ರ ಮರಳಿ ಅಟ್ಟ ಹತ್ತಲಿಲ್ಲ. ಬೇಸಿಗೆಯಲ್ಲಿ ಒಂದು ಬುಟ್ಟಿ ಮನೆಗೆ ಎಂಬುದು ರೂಢಿಯಾಯಿತು.

ನಿಜವಾದ ಪರೀಕ್ಷೆ ಬಂದದ್ದು 2024ರಲ್ಲಿ. ಆಫ್ರಿಕದಲ್ಲಿ ಹವಾಮಾನ ಕೆಟ್ಟು, ಗಿಡಗಳಿಗೆ ರೋಗ ಬಂದು ಫಸಲು ಕುಸಿಯಿತು. ಆ ಮಾರ್ಚ್ ತಿಂಗಳಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ಒಣಬೀಜದ ಬೆಲೆ ಟನ್ನಿಗೆ 10,000 ಡಾಲರ್ ದಾಟಿತು. ಪುತ್ತೂರಿನಲ್ಲಿ, ವರ್ಷಗಟ್ಟಲೆ ಕಿಲೋಗೆ ಐವತ್ತು ಅರವತ್ತು ರೂಪಾಯಿಯ ಸುತ್ತಮುತ್ತ ಇದ್ದ ಹಸಿ ಬೀಜ 300 ರೂಪಾಯಿ ಮೀರಿತು. ಅಜ್ಜ ನೆಟ್ಟ ಮೇಲೆ ಇಂಥ ಬೆಲೆಯನ್ನು ನಮ್ಮ ಮನೆ ಕಂಡಿರಲಿಲ್ಲ. ಕಡಿದವರು ಮರುಗಿದರು, ಬಿಟ್ಟವರು ಹೊಸ ಗಿಡ ನೆಡಲು ಓಡಾಡಿದರು. ಆ ವಾರ ನಾನು ಊರಲ್ಲಿದ್ದೆ. ಅಪ್ಪ ಅಂಗಳದಲ್ಲಿ ಬೀಜವನ್ನು ಚೀಲಕ್ಕೆ ತುಂಬುತ್ತಿದ್ದರು, ಬಾಡಿಗೆ ಜೀಪು ಗೇಟಿನ ಬಳಿ ನಿಂತಿತ್ತು. ಅಡಿಗೆಮನೆಯ ಬಾಗಿಲಲ್ಲಿ ನಿಂತು ಅಮ್ಮ ಕೇಳಿದರು: “ಮನಗೆ ಎಷ್ಟು ಮಡುಗಿದ್ದಿ?”

ಅಪ್ಪ ಜಗಲಿಯ ಮೂಲೆಯ ಕಡೆ ಕೈ ತೋರಿಸಿದರು. ಚೀಲಗಳಿಗೆ ಕೈ ಹಾಕುವ ಮೊದಲೇ ಬುಟ್ಟಿ ತುಂಬಿ, ಬಾಳೆಲೆ ಮುಚ್ಚಿ ಇಟ್ಟಾಗಿತ್ತು. ಹಿಂದಿನ ವರ್ಷ ಒಂದಿದ್ದದ್ದು ಈ ಸಲ ಎರಡಾಗಿತ್ತು, ಮಂಗಳೂರಿಗೂ ಬೆಂಗಳೂರಿಗೂ ಕಳಿಸಬೇಕಲ್ಲ ಎಂದರು. ಅಮ್ಮ ಬಂದು ಎರಡಕ್ಕೂ ಗೋಣಿ ಹೊದಿಸಿದರು.